ಕರಾವಳಿಯಿಂದ ಕರಾವಳಿಗೆ ಸೈಕಲ್ ಪ್ರವಾಸದ ಯೋಜನೆ

ಕರಾವಳಿಯಿಂದ ಕರಾವಳಿಗೆ ಸೈಕಲ್ ಪ್ರವಾಸ ಎಂದರೆ ಅರಬ್ಬೀ ಸಮುದ್ರದ ದಡದ ಮಂಗಳೂರಿನಿಂದ ಹೊರಟು, ಪಶ್ಚಿಮ ಘಟ್ಟವನ್ನೇರಿ, ಮಲೆನಾಡು ಬಯಲುಸೀಮೆಗಳನ್ನು ಹಾಯ್ದು, ಬಂಗಾಳ ಕೊಲ್ಲಿಯ ದಡದ ಚೆನ್ನೈಯನ್ನು ಸೈಕಲ್ ತುಳಿದು ಮುಟ್ಟುವ ಪಯಣ. ಭಾರತವನ್ನು ಪಶ್ಚಿಮದಿಂದ ಪೂರ್ವಕ್ಕೆ ಅಡ್ಡಲಾಗಿ ದಾಟುವ ಮಾರ್ಗಗಳಲ್ಲಿ ಇದು ಚಿಕ್ಕದು. ಒಟ್ಟು ದೂರ ಸುಮಾರು 690 ಕಿ.ಮೀ. ಬೆಂಗಳೂರಿನ ಪೂರ್ವ ಭಾಗದ ಟಿನ್ ಫ್ಯಾಕ್ಟರಿ ಈ ಮಾರ್ಗದ ಅರ್ಧಕ್ಕಿಂತ ತುಸು ಆಚೆ ಬರುತ್ತದೆ. ದಿನಕ್ಕೆ 60ರಿಂದ 95 ಕಿ.ಮೀ.ಗಳಂತೆ ಸಾಗುವ ಸಾಧಾರಣ ದೇಹಬಲದವರಿಗೆ ಒಂಬತ್ತು ದಿನ, ವಿಶ್ರಾಂತಿಯ ದಿನ ಸೇರಿಸಿದರೆ ಹತ್ತು ದಿನ ಸಾಕಾಗುತ್ತದೆ.

ಇಂತಹ ಪ್ರವಾಸದ ಯೋಜನೆಯನ್ನು ಒಟ್ಟು ದೂರವನ್ನು ದಿನಗಳಿಂದ ಭಾಗಿಸಿ ಸಿದ್ಧಪಡಿಸುವುದು ವಾಡಿಕೆ. ಲೆಕ್ಕಕ್ಕೆ ಇದು ಸರಿಯಾದರೂ ದಾರಿಗೆ ಸರಿಹೋಗುವುದಿಲ್ಲ. ಈ ಮಾರ್ಗದಲ್ಲಿ ಶಿರಾಡಿ ಘಾಟಿಯ ಏರು ಸುಮಾರು 30 ಕಿ.ಮೀ.; ಟಿನ್ ಫ್ಯಾಕ್ಟರಿಯಿಂದ ತೂಗುಸೇತುವೆಯನ್ನು ದಾಟಿ ಕೃಷ್ಣರಾಜಪುರದ ಪೇಟೆಯನ್ನು ಸೇರುವವರೆಗಿನ ತುಂಡು ಕೆಲವೇ ಕಿಲೋಮೀಟರು. ಅಪಾಯದ ಬಹುಪಾಲು ಈ ಎರಡರಲ್ಲಿಯೇ ಅಡಗಿದೆ. ಆದುದರಿಂದ ಇವೆರಡನ್ನು ಯಾವ ದಿನ, ಯಾವ ಹೊತ್ತಿನಲ್ಲಿ ದಾಟಬೇಕೆಂಬುದನ್ನು ಮೊದಲು ಗೊತ್ತುಪಡಿಸಿಕೊಂಡು, ಉಳಿದ ದಿನಗಳನ್ನು ಅವುಗಳ ಹಿಂದೆ ಮುಂದೆ ಜೋಡಿಸುವುದು ವಿವೇಕದ ಕ್ರಮ.

ಹಿನ್ನೆಲೆ

ಸೈಕಲ್ಲಿನಲ್ಲಿ ದೇಶ ದಾಟುವ ಹವ್ಯಾಸ ಸೈಕಲ್ಲಿನಷ್ಟೇ ಹಳೆಯದು. ಮುಂದೆ ದೊಡ್ಡ ಗಾಲಿ, ಹಿಂದೆ ಚಿಕ್ಕ ಗಾಲಿಯ ಹಳೆಯ ಮಾದರಿಯ ಸೈಕಲ್ಲಿನಲ್ಲಿ ಪ್ರಪಂಚ ಸುತ್ತಿದ ಥಾಮಸ್ ಸ್ಟೀವನ್ಸ್ 1886ರಲ್ಲಿ ಗ್ರಾಂಡ್ ಟ್ರಂಕ್ ರಸ್ತೆಯಲ್ಲಿ ಲಾಹೋರಿನಿಂದ ಕಲ್ಕತ್ತೆಗೆ ಬಂದನು. 1923ರಲ್ಲಿ ಮುಂಬಯಿಯಿಂದ ಆರು ಮಂದಿ ಪಾರ್ಸಿ ತರುಣರು ವಿಶ್ವಪರ್ಯಟನಕ್ಕೆ ಹೊರಟರು; ಅವರಲ್ಲಿ ಆದಿ ಹಕೀಮ್, ಜಾಲ್ ಬಾಪಸೋಲಾ, ರುಸ್ತುಂ ಭುಮ್‌ಗರಾ ಎಂಬ ಮೂವರು 1928ರಲ್ಲಿ ಸುತ್ತು ಮುಗಿಸಿ ಮರಳಿದರು. ಕರ್ನಾಟಕದ ಮಟ್ಟಿಗೆ ಹೇಳುವುದಾದರೆ, 2008ರಲ್ಲಿ ಬೆಂಗಳೂರಿನಿಂದ ಆರಂಭವಾದ ‘ಟೂರ್ ಆಫ್ ನೀಲಗಿರೀಸ್’ ಎಂಬ ವಾರ್ಷಿಕ ಪ್ರವಾಸವು ಬಹುದಿನಗಳ ಸೈಕಲ್ ಪಯಣವನ್ನು ನಗರದ ನೌಕರವರ್ಗಕ್ಕೆ ಪರಿಚಯಿಸಿತು.

ಬೆಂಗಳೂರಿನಿಂದ ಪೂರ್ವಕ್ಕೆ ಹೋಗುವ ಹಳೆ ಮದರಾಸು ರಸ್ತೆಗೆ ದಂಡಿನ ಕಾಲದ ಇತಿಹಾಸವಿದೆ. 1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಗೊಂಡ ಮೇಲೆ ಮದರಾಸಿಗೂ ಇಲ್ಲಿಗೂ ಸಂಚಾರ ಹೆಚ್ಚಿತು. 1864ರಲ್ಲಿ ಜೋಲಾರಪೇಟೆಯಿಂದ ಕಂಟೋನ್ಮೆಂಟಿಗೆ ರೈಲು ಬರುವವರೆಗೆ ಜನರೂ ಸರಕೂ ಸಾಗಬೇಕಾದದ್ದು ರಸ್ತೆಯ ಮೇಲೆಯೇ. ಎತ್ತಿನ ಗಾಡಿಗಳ ಕಾಲದಲ್ಲಿ ಒಂದು ಹಗಲಿಗೆ ನಿಲುಕುವ ಅಂತರದಲ್ಲಿ ತಂಗುದಾಣಗಳಿರುತ್ತಿದ್ದವು. ಸೈಕಲ್ ಸವಾರನಿಗೆ ಬೇಕಾಗುವುದೂ ಅದೇ ಬಗೆಯ ಅಂತರ; ಈ ರಸ್ತೆಯ ತಾಲ್ಲೂಕು ಕೇಂದ್ರಗಳು ಇಂದಿಗೂ ಅವನ ಅಳತೆಗೆ ಹೊಂದುತ್ತವೆ.

ಋತು, ಗಾಳಿ ಮತ್ತು ಹಗಲು

ಪಶ್ಚಿಮದಿಂದ ಪೂರ್ವಕ್ಕೆ ಹೋಗುವವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಬೆನ್ನಿಗಿರುತ್ತದೆ. ಇದನ್ನು ನೆಚ್ಚಿ ಮುಂಗಾರಿನಲ್ಲಿ ಹೊರಡುವುದು ತರವಲ್ಲ. ಕರಾವಳಿ ಮತ್ತು ಘಟ್ಟದಲ್ಲಿ ಆಗ ಸುರಿಯುವ ಮಳೆಗೆ ಘಾಟಿಯ ಗುಡ್ಡ ಕುಸಿಯುವುದುಂಟು. 2024ರ ಜುಲೈಯಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲು ಬಳಿ ಮಣ್ಣು ಕುಸಿದು ಶಿರಾಡಿ ಘಾಟಿಯ ಸಂಚಾರ ನಿಂತಿತ್ತು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಚೆನ್ನೈ, ಕಾಂಚೀಪುರಗಳ ಕಡೆ ಜೋರಾಗಿರುತ್ತದೆ. ಚಂಡಮಾರುತಗಳ ಕಾಲವೂ ಅದೇ. ಏಪ್ರಿಲ್, ಮೇ ತಿಂಗಳುಗಳಲ್ಲಿ ಚಿತ್ತೂರಿನಿಂದ ಆಚೆಗೆ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹೀಗೆ ಒಂದೊಂದನ್ನೇ ಕಳೆಯುತ್ತ ಬಂದರೆ ಉಳಿಯುವುದು ಜನವರಿ ಮತ್ತು ಫೆಬ್ರವರಿ. ಆಗ ಗಾಳಿ ಪೂರ್ವದಿಂದ ಬೀಸಿ ಎದುರಾಗುತ್ತದೆ ಎಂಬುದು ನಿಜ. ಆದರೆ ಬೆಳಗಿನ ಹೊತ್ತು ಗಾಳಿ ಸಾಮಾನ್ಯವಾಗಿ ಮೃದುವಾಗಿರುವುದರಿಂದ ಬೇಗ ಹೊರಟವರಿಗೆ ಅದರ ಕಾಟ ಕಡಿಮೆ.

ಜನವರಿಯಲ್ಲಿ ಬೆಂಗಳೂರಿನ ಸೂರ್ಯೋದಯ ಸುಮಾರು 6.45ಕ್ಕೆ, ಸೂರ್ಯಾಸ್ತ 6.15ರ ಆಸುಪಾಸಿನಲ್ಲಿ. ಅಂದರೆ ಕೈಗೆ ಸಿಗುವ ಹಗಲು ಹನ್ನೊಂದೂವರೆ ತಾಸು. ಇದರಲ್ಲಿ ಊಟ, ವಿಶ್ರಾಂತಿ, ಪಂಕ್ಚರ್, ದಾರಿ ವಿಚಾರಿಸುವುದು ಇವೆಲ್ಲ ಸೇರಿ ನಾಲ್ಕು ತಾಸು ಹೋಗುತ್ತದೆಂದು ಇಟ್ಟುಕೊಳ್ಳಬೇಕು. ಸಾಮಾನಿನ ಭಾರ ಹೊತ್ತ ಸೈಕಲ್ ಸಮತಟ್ಟಿನಲ್ಲಿ ತಾಸಿಗೆ 15 ಕಿ.ಮೀ. ಸಾಗಿದರೂ ಘಾಟಿಯಲ್ಲಿ 6–7 ಕಿ.ಮೀ.ಗೆ ಇಳಿಯುತ್ತದೆ. ಸಂಜೆ ನಾಲ್ಕರ ಹೊತ್ತಿಗೆ ತಂಗುವ ಊರು ಸೇರುವಂತೆ ಲೆಕ್ಕ ಹಾಕಿದರೆ ತಡವಾದಾಗಲೂ ಬೆಳಕಿರುತ್ತದೆ. ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಸಾಗಲೇಬೇಕಾಗುವ ಯೋಜನೆಯನ್ನು ಯೋಜನೆ ಎನ್ನಲಾಗದು.

ಮಾರ್ಗದ ಏರಿಳಿತ

ಮಂಗಳೂರಿನಿಂದ ಬಿ.ಸಿ.ರೋಡ್, ಉಪ್ಪಿನಂಗಡಿ ಮಾರ್ಗವಾಗಿ ನೆಲ್ಯಾಡಿಗೆ ಸುಮಾರು 70 ಕಿ.ಮೀ. ಸಣ್ಣ ಏರಿಳಿತಗಳ ಸೆಕೆಯ ದಾರಿ. ಮೊದಲ ದಿನ ಇಲ್ಲಿಗೇ ನಿಲ್ಲಿಸುವುದು ಉತ್ತಮ. ಹುರುಪಿನಲ್ಲಿ ಮುಂದುವರಿದವರು ಮಧ್ಯಾಹ್ನದ ಬಿಸಿಲಿನಲ್ಲಿ ಘಾಟಿಯ ಬುಡದಲ್ಲಿರುತ್ತಾರೆ. ಎರಡನೆಯ ದಿನ ನಸುಕಿನಲ್ಲಿ ಹೊರಟರೆ ಗುಂಡ್ಯದಿಂದ ಏರು ಆರಂಭವಾಗುತ್ತದೆ. ಮಾರನಹಳ್ಳಿ, ದೋಣಿಗಾಲು ದಾಟಿ ಸಕಲೇಶಪುರ ಮುಟ್ಟುವಾಗ ಸಮುದ್ರಮಟ್ಟದಿಂದ ಸುಮಾರು 900 ಮೀಟರಿಗೂ ಮೇಲೆ ಬಂದಂತಾಗುತ್ತದೆ. ಆ ದಿನದ ದೂರ ಅರವತ್ತು ಕಿ.ಮೀ. ಒಳಗಿದ್ದರೂ ಇಡೀ ಪ್ರವಾಸದಲ್ಲಿ ಅತ್ಯಂತ ಆಯಾಸದ ದಿನ ಇದೇ. ಲಾರಿ, ಟ್ಯಾಂಕರ್‌ಗಳು ಸಾಲುಗಟ್ಟುವ ತಿರುವುಗಳಲ್ಲಿ ಸೈಕಲ್ಲಿನಿಂದಿಳಿದು ತಳ್ಳಿಕೊಂಡು ಹೋಗುವುದು ನಾಚಿಕೆಯ ಮಾತಲ್ಲ. ಶಿರಾಡಿ ಮುಚ್ಚಿದ್ದರೆ ಉಜಿರೆಯಿಂದ ಚಾರ್ಮಾಡಿ ಘಾಟಿಯ ಮೂಲಕ ಕೊಟ್ಟಿಗೆಹಾರಕ್ಕೆ, ಇಲ್ಲವೇ ಸುಬ್ರಹ್ಮಣ್ಯದಿಂದ ಬಿಸಿಲೆ ಘಾಟಿಯ ಮೂಲಕ ಏರಬಹುದು. ಇವುಗಳಲ್ಲಿ ಕಾಡು ಹೆಚ್ಚು, ಅಂಗಡಿಗಳು ಕಡಿಮೆ. ಸಕಲೇಶಪುರ, ಆಲೂರು ತಾಲ್ಲೂಕುಗಳಲ್ಲಿ ಕಾಡಾನೆಗಳ ಓಡಾಟವಿರುವುದರಿಂದ ಅಲ್ಲಿ ಬೆಳಕು ಹರಿಯುವ ಮುನ್ನ ಹೊರಡಬಾರದು.

ಮುಂದಿನ ದಾರಿ ಸಲೀಸು. ಮೂರನೆಯ ದಿನ ಹಾಸನದ ಮೂಲಕ ಚನ್ನರಾಯಪಟ್ಟಣ, ನಾಲ್ಕನೆಯ ದಿನ ಹಿರೀಸಾವೆ, ಬೆಳ್ಳೂರು ಕ್ರಾಸ್, ಯಡಿಯೂರುಗಳ ಮೂಲಕ ಕುಣಿಗಲ್. ಐದನೆಯ ದಿನ ನೆಲಮಂಗಲವನ್ನು ದಾಟಿ ಬೆಂಗಳೂರು.

ಟಿನ್ ಫ್ಯಾಕ್ಟರಿ: ನಗರದಿಂದ ಹೊರಬೀಳುವ ಬಾಗಿಲು

ನೆಲಮಂಗಲದಿಂದ ಬರುವವರು ನಗರವನ್ನು ಎರಡು ಬಗೆಯಲ್ಲಿ ದಾಟಬಹುದು. ಗೊರಗುಂಟೆಪಾಳ್ಯದಿಂದ ಹೊರ ವರ್ತುಲ ರಸ್ತೆಯನ್ನು ಹಿಡಿದು ಹೆಬ್ಬಾಳ, ನಾಗವಾರ, ರಾಮಮೂರ್ತಿನಗರಗಳ ಮೂಲಕ ಟಿನ್ ಫ್ಯಾಕ್ಟರಿಗೆ ಬರುವುದು ಒಂದು ದಾರಿ. ಯಶವಂತಪುರ, ಮೇಖ್ರಿ ವೃತ್ತ, ಜಯಮಹಲ್, ಶಿವಾಜಿನಗರ, ಹಲಸೂರುಗಳ ಮೂಲಕ ಹಳೆ ಮದರಾಸು ರಸ್ತೆ ಸೇರುವುದು ಇನ್ನೊಂದು. ವರ್ತುಲ ರಸ್ತೆಯಲ್ಲಿ ನಿಲುಗಡೆ ಕಡಿಮೆ, ವೇಗ ಹೆಚ್ಚು. ಮೇಲುಸೇತುವೆಗಳ ಏರಿನಲ್ಲಿ ನಿಧಾನವಾದ ಸೈಕಲ್ಲಿಗೆ ಹಿಂದಿನಿಂದ ಅಪಾಯ. ಊರೊಳಗಿನ ದಾರಿಯಲ್ಲಿ ಸಿಗ್ನಲ್‌ಗಳು ಹೆಚ್ಚು, ಆದರೆ ಎಲ್ಲ ವಾಹನಗಳೂ ನಿಧಾನ. ಸೈಕಲ್ಲಿಗೆ ನಿಧಾನದ ರಸ್ತೆಯೇ ಸುರಕ್ಷಿತ ರಸ್ತೆ. ಐದನೆಯ ರಾತ್ರಿ ಕಂಟೋನ್ಮೆಂಟ್, ಹಲಸೂರು ಅಥವಾ ಇಂದಿರಾನಗರದ ಕಡೆ ತಂಗಿದರೆ ಮರುದಿನ ಟಿನ್ ಫ್ಯಾಕ್ಟರಿ ಕೆಲವೇ ಕಿಲೋಮೀಟರು ದೂರದಲ್ಲಿರುತ್ತದೆ.

ಟಿನ್ ಫ್ಯಾಕ್ಟರಿ ಎಂಬುದು ಬೆನ್ನಿಗಾನಹಳ್ಳಿಯ ಬಳಿಯ ಬಸ್ ನಿಲುಗಡೆಯ ಹೆಸರಾಗಿ ಪ್ರಸಿದ್ಧ. ಹೊರ ವರ್ತುಲ ರಸ್ತೆ ಉತ್ತರದಿಂದ ಬಂದು ಹಳೆ ಮದರಾಸು ರಸ್ತೆಗೆ ಕೂಡುವುದು ಇಲ್ಲಿ. ಎರಡೂ ರಸ್ತೆಗಳು ಒಂದಾಗಿ, ರೈಲು ಹಳಿಗಳ ಮೇಲಿನ ಕೃಷ್ಣರಾಜಪುರದ ತೂಗುಸೇತುವೆಯನ್ನು (2003) ದಾಟಿ, ಮತ್ತೆ ಬೇರೆಯಾಗುತ್ತವೆ. ವರ್ತುಲ ರಸ್ತೆ ಬಲಕ್ಕೆ ಮಹದೇವಪುರದ ಕಡೆ ತಿರುಗುತ್ತದೆ. ಹಳೆ ಮದರಾಸು ರಸ್ತೆ ಕೃಷ್ಣರಾಜಪುರ, ಹೊಸಕೋಟೆಗಳ ಕಡೆ ಸಾಗುತ್ತದೆ. ಸೈಕಲ್ ಸವಾರನ ತೊಡಕು ಇಲ್ಲೇ ಇದೆ. ಎಡಬದಿಯಲ್ಲಿ ತನ್ನ ಪಾಡಿಗೆ ಹೋಗುತ್ತಿರುವವನಿಗೆ ವರ್ತುಲ ರಸ್ತೆಯ ವಾಹನಗಳು ಎಡದಿಂದಲೇ ಬಂದು ಸೇರುತ್ತವೆ. ಅವುಗಳಲ್ಲಿ ಬಹಳಷ್ಟು ಸೇತುವೆ ಮುಗಿಯುವ ಮೊದಲು ಬಲಕ್ಕೆ ಸರಿಯಬೇಕು. ಇವನು ಎಡದಲ್ಲಿಯೇ ಉಳಿಯಬೇಕು. ಜೊತೆಗೆ ಕೋಲಾರ, ತಿರುಪತಿ, ಚೆನ್ನೈ ಕಡೆಯ ಬಸ್ಸುಗಳು ಜನರನ್ನು ಹತ್ತಿಸಿಕೊಳ್ಳಲು ನಿಲ್ಲುವುದೂ ಆ ಎಡಬದಿಯಲ್ಲೇ. ನಿಂತ ಬಸ್ಸನ್ನು ದಾಟಲು ಬಲಕ್ಕೆ ಸರಿದ ಕ್ಷಣದಲ್ಲಿ ಹಿಂದಿನಿಂದ ಬರುವ ವಾಹನಕ್ಕೆ ಸೈಕಲ್ ಕಾಣದೆ ಹೋಗಬಹುದು. ವರ್ತುಲ ರಸ್ತೆಯ ಉದ್ದಕ್ಕೂ ಸಾಗಿರುವ ಮೆಟ್ರೋ ನೀಲಿ ಮಾರ್ಗದ ಕಾಮಗಾರಿಯಿಂದ ರಸ್ತೆ ಕಿರಿದಾಗಿರುವ ಕಡೆಗಳೂ ಇವೆ.

ಇದಕ್ಕೆ ಉಪಾಯ ಸರಳ. ಟಿನ್ ಫ್ಯಾಕ್ಟರಿ ದಾಟುವ ದಿನ ಭಾನುವಾರ ಬರುವಂತೆ ಪ್ರವಾಸದ ಮೊದಲ ದಿನವನ್ನು ಆರಿಸಿಕೊಳ್ಳಬೇಕು. ಆರನೆಯ ದಿನ ಇಲ್ಲಿಂದ ಹೊರಡುವುದಾದರೆ ಮಂಗಳೂರಿನಿಂದ ಮಂಗಳವಾರ ಹೊರಟಿರಬೇಕು. ನಡುವೆ ವಿಶ್ರಾಂತಿಯ ದಿನವಿದ್ದರೆ ಸೋಮವಾರ. ಬೆಳಕು ಮೂಡುತ್ತಿದ್ದಂತೆ, ಹಿಂದೆ ಮುಂದೆ ದೀಪ ಉರಿಸಿಕೊಂಡು, ಬೆಳಕನ್ನು ಪ್ರತಿಫಲಿಸುವ ಅಂಗಿ ತೊಟ್ಟು ಇಲ್ಲಿಗೆ ಬಂದರೆ ಸೇತುವೆ ದಾಟಲು ಕೆಲವು ನಿಮಿಷ ಸಾಕು. ವಾರದ ದಿನ ಎಂಟೂವರೆಗೆ ಬಂದವರು ಬಸ್ಸುಗಳ ನಡುವೆ ಕಾಲೂರಿ ನಿಲ್ಲಬೇಕಾಗುತ್ತದೆ. ಬಸ್ಸು ನಿಂತಿದ್ದರೆ ಅದರ ಹಿಂದೆಯೇ ಕಾಯುವುದು ಮೇಲು. ಬಸ್ಸಿಗೂ ಕಾಲುದಾರಿಗೂ ನಡುವಿನ ಸಂದಿಯಲ್ಲಿ ನುಗ್ಗುವುದಂತೂ ಸಲ್ಲದು. ಧೈರ್ಯ ಸಾಲದಿದ್ದರೆ ಪಾದಚಾರಿಯಾಗಿ ಸೈಕಲ್ ತಳ್ಳಿಕೊಂಡು ಹೋಗಬಹುದು. 2023ರ ಅಕ್ಟೋಬರ್‌ನಿಂದ ಬೈಯಪ್ಪನಹಳ್ಳಿ–ಕೃಷ್ಣರಾಜಪುರ ನಡುವೆ ಮೆಟ್ರೋ ರೈಲು ಓಡುತ್ತಿದೆ. ಆದರೆ ಅದರಲ್ಲಿ ಮಡಚುವ ಸೈಕಲ್ಲಿಗೆ ಮಾತ್ರ ಅವಕಾಶವಿರುವುದರಿಂದ ಪ್ರವಾಸದ ಸೈಕಲ್ಲಿಗೆ ಅದು ನೆರವಾಗದು.

ಹಳೆಯ ರಸ್ತೆ ಮತ್ತು ಹೊಸ ರಸ್ತೆ

ಸೈಕಲ್ ಮೋಟಾರು ವಾಹನವಲ್ಲ; ಅದಕ್ಕೆ ನೋಂದಣಿಯಾಗಲಿ, ಓಡಿಸುವವರಿಗೆ ಪರವಾನಗಿಯಾಗಲಿ ಬೇಕಿಲ್ಲ. ಆದರೆ ಎಲ್ಲ ರಸ್ತೆಗಳೂ ಅದಕ್ಕೆ ತೆರೆದಿಲ್ಲ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನ, ಆಟೋ, ಟ್ರ್ಯಾಕ್ಟರ್‌ಗಳೊಂದಿಗೆ ಮೋಟಾರು ರಹಿತ ವಾಹನಗಳನ್ನೂ ನಿಷೇಧಿಸಲಾಯಿತು. ಹೊಸಕೋಟೆಯಿಂದ ಶ್ರೀಪೆರಂಬುದೂರಿನವರೆಗೆ ಸುಮಾರು 260 ಕಿ.ಮೀ. ಉದ್ದಕ್ಕೆ ಯೋಜಿಸಲಾದ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯೂ ಪ್ರವೇಶ ನಿಯಂತ್ರಿತವಾದುದು, ವೇಗದ ವಾಹನಗಳಿಗಾಗಿಯೇ ರೂಪಿಸಿದ್ದು. ನಕ್ಷೆಯ ತಂತ್ರಾಂಶಗಳು ಹತ್ತಿರದ ದಾರಿಯೆಂದು ಇಂತಹ ರಸ್ತೆಯನ್ನು ತೋರಿಸಿಬಿಡುವ ಸಂಭವವಿರುವುದರಿಂದ, ಹೊಸಕೋಟೆಯ ಬಳಿ ತಿರುವು ತಪ್ಪದಂತೆ ಊರುಗಳ ಹೆಸರನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು: ಹೊಸಕೋಟೆ, ಕೋಲಾರ, ಮುಳಬಾಗಿಲು, ನಂಗಲಿ, ಪಲಮನೇರು, ಚಿತ್ತೂರು, ರಾಣಿಪೇಟೆ, ವಾಲಾಜಾಪೇಟೆ, ಕಾಂಚೀಪುರ.

ಹೊಸ ರಸ್ತೆಗಳು ಸೈಕಲ್ಲಿಗೆ ಮುಚ್ಚಿರುವಾಗ ಹಳೆಯ ರಸ್ತೆಯ ಅಂಚು ಮತ್ತು ಬದಿರಸ್ತೆಗಳೇ ಅದಕ್ಕೆ ಉಳಿದ ಹಕ್ಕಿನ ದಾರಿ. ಹೊಸಕೋಟೆ, ಕೋಲಾರಗಳ ಸುತ್ತ ಈ ಬದಿರಸ್ತೆಗಳಲ್ಲಿ ಹಾಲು, ತರಕಾರಿ ಸಾಗಿಸುವ ಸೈಕಲ್ಲುಗಳೂ, ಶಾಲೆಗೆ ಹೋಗುವ ಮಕ್ಕಳ ಸೈಕಲ್ಲುಗಳೂ ಓಡಾಡುತ್ತವೆ. ಪ್ರವಾಸಿಯ ಸುರಕ್ಷತೆ ಅವರ ಸುರಕ್ಷತೆಗಿಂತ ಬೇರೆಯಲ್ಲ. ಮೇಲುಸೇತುವೆಗಳನ್ನು ಏರದೆ ಕೆಳಗಿನ ರಸ್ತೆಯಲ್ಲೇ ಸಾಗುವುದು, ಎದುರು ದಿಕ್ಕಿನಲ್ಲಿ ಬರುವ ವಾಹನಗಳ ಮೇಲೆ ಕಣ್ಣಿಡುವುದು ಇಲ್ಲಿ ಅಗತ್ಯ.

ಟಿನ್ ಫ್ಯಾಕ್ಟರಿಯಿಂದ ಮುಳಬಾಗಿಲಿಗೆ ಸುಮಾರು 90 ಕಿ.ಮೀ.; ಆರನೆಯ ದಿನದ ತಂಗುದಾಣ ಅದೇ. ದೋಸೆಗೆ ಹೆಸರಾದ ಊರಾದ್ದರಿಂದ ಸಂಜೆಯ ಹಸಿವಿಗೆ ಚಿಂತೆಯಿಲ್ಲ. ಏಳನೆಯ ದಿನ ನಂಗಲಿಯಲ್ಲಿ ಆಂಧ್ರಪ್ರದೇಶದ ಗಡಿ. ಇಲ್ಲಿನ ಹಳ್ಳಿಗರು ಕನ್ನಡ, ತೆಲುಗು ಎರಡನ್ನೂ ಆಡುತ್ತಾರೆ. ಪಲಮನೇರು ದಾಟಿದ ಮೇಲೆ ಮೊಗಿಲಿ ಘಾಟಿಯಲ್ಲಿ ಇಳಿಜಾರು. ಪ್ರಸ್ಥಭೂಮಿಯ ಪೂರ್ವದ ಅಂಚು ಇದು. ಪಶ್ಚಿಮದಲ್ಲಿ ಗಂಟೆಗಟ್ಟಲೆ ಏರಿದ್ದನ್ನು ಇಲ್ಲಿ ಬಹುಬೇಗ ಇಳಿಯಬಹುದು. ಹಾಗಾಗಿ ಹಿಂದಿನ ರಾತ್ರಿಯೇ ಬ್ರೇಕುಗಳನ್ನು ಪರೀಕ್ಷಿಸಬೇಕು. ಹತ್ತಿರದ ಕೌಂಡಿನ್ಯ ಅಭಯಾರಣ್ಯದಲ್ಲಿಯೂ ಆನೆಗಳಿವೆ. ಚಿತ್ತೂರಿನಿಂದ ಕಾಂಚೀಪುರಕ್ಕೆ ಎಂಟನೆಯ ದಿನ, ಅಲ್ಲಿಂದ ಚೆನ್ನೈಗೆ ಸುಮಾರು 75 ಕಿ.ಮೀ. ಒಂಬತ್ತನೆಯ ದಿನ. ಶ್ರೀಪೆರಂಬುದೂರಿನಿಂದ ಮುಂದೆ ಕಾರ್ಖಾನೆಗಳ ಲಾರಿ ಸಂಚಾರ ದಟ್ಟ.

ಸೈಕಲ್ ಮತ್ತು ಸಲಕರಣೆ

ದುಬಾರಿ ಸೈಕಲ್ ಬೇಕೆಂಬುದು ತಪ್ಪು ತಿಳಿವಳಿಕೆ. ದಾರಿಯ ಊರುಗಳಲ್ಲಿ ರಿಪೇರಿಯಾಗುವ ಸೈಕಲ್ ಬೇಕು. ಕಬ್ಬಿಣದ ಚೌಕಟ್ಟು, ಗಟ್ಟಿ ಕ್ಯಾರಿಯರ್, ಘಾಟಿಗೆ ತಕ್ಕ ಹಗುರ ಗೇರು ಇದ್ದರೆ ಸಾಕು. 28 ಅಂಗುಲದ ಸಾದಾ ಸೈಕಲ್ಲಿನ ಮತ್ತು 26 ಅಂಗುಲದ ಗಾಲಿಯ ಟ್ಯೂಬುಗಳು ತಾಲ್ಲೂಕು ಪೇಟೆಗಳಲ್ಲಿ ದೊರೆಯುತ್ತವೆ. ತೆಳು ಟೈರಿನ 700ಸಿ ಗಾಲಿಯ ಟ್ಯೂಬು ದೊರೆಯುವುದು ಕಷ್ಟ. ಅದರ ಸಪೂರ ‘ಪ್ರೆಸ್ಟಾ’ ವಾಲ್ವಿಗೆ ಸಾದಾ ಅಂಗಡಿಯ ಪಂಪು ಹಿಡಿಯುವುದಿಲ್ಲ. ಅಂತಹ ಸೈಕಲ್ ಇರುವವರು ಎರಡು ಟ್ಯೂಬು, ಚಿಕ್ಕ ಪಂಪು ಮತ್ತು ವಾಲ್ವಿಗೆ ಸಿಕ್ಕಿಸುವ ಹಿತ್ತಾಳೆಯ ತಿರುಪನ್ನು ಒಯ್ಯಬೇಕು. ಎಲ್ಲರೂ ಒಯ್ಯಬೇಕಾದವು: ಪಂಕ್ಚರ್ ಹಾಕುವ ಸಾಮಾನು, ಟೈರ್ ಬಿಚ್ಚುವ ಲಿವರು, ಕೆಲವು ಗಾಲಿ ಕಡ್ಡಿಗಳು, ಒಂದು ಜೊತೆ ಬ್ರೇಕ್ ರಬ್ಬರು, ಚೈನಿನ ಒಂದೆರಡು ಕೊಂಡಿ. ಪಂಕ್ಚರ್ ಹಾಕಲು ಮನೆಯಲ್ಲೇ ಮೂರು ನಾಲ್ಕು ಬಾರಿ ಕಲಿತಿರಬೇಕು. ಸಾಮಾನನ್ನು ಬೆನ್ನಿಗೆ ಕಟ್ಟಿಕೊಳ್ಳದೆ ಕ್ಯಾರಿಯರ್‌ಗೆ ಎರಡು ಬದಿ ಸಮತೂಕವಾಗಿ ತೂಗುಹಾಕುವುದು ಬೆನ್ನಿಗೂ ಸಮತೋಲಕ್ಕೂ ಹಿತ. ಎಂಟು ಹತ್ತು ಕಿಲೋ ಮೀರಿದ ಹೊರೆಯಲ್ಲಿ ಅರ್ಧದಷ್ಟು ಬೇಡದ ವಸ್ತುವಿರುತ್ತದೆ.

ಅಭ್ಯಾಸ ಮತ್ತು ದೇಹದ ಲೆಕ್ಕ

ಎರಡು ಮೂರು ತಿಂಗಳ ಅಭ್ಯಾಸ ಅವಶ್ಯ. ಪೂರ್ವ ಬೆಂಗಳೂರಿನವರಿಗೆ ಟಿನ್ ಫ್ಯಾಕ್ಟರಿಯಿಂದ ಹೊಸಕೋಟೆಗೆ ಹೋಗಿಬರುವುದು ಆರಂಭದ ಹೆಜ್ಜೆ. ಕೋಲಾರಕ್ಕೆ ಹೋಗಿಬರುವುದು ಅಂತಿಮ ಪರೀಕ್ಷೆ. ಘಾಟಿಯ ಅಭ್ಯಾಸಕ್ಕೆ 1,478 ಮೀಟರ್ ಎತ್ತರದ ನಂದಿಬೆಟ್ಟದ ದಾರಿಯುಂಟು. ಒಂದು ದಿನ 100 ಕಿ.ಮೀ. ತುಳಿಯಬಲ್ಲವರು ಮರುದಿನ ಬೆಳಿಗ್ಗೆ ಮತ್ತೆ ಸೀಟಿನ ಮೇಲೆ ಕೂರಬಲ್ಲರೇ ಎಂಬುದು ನಿಜವಾದ ಪ್ರಶ್ನೆ. ಆದ್ದರಿಂದ ಸತತ ಎರಡು ಮೂರು ದಿನಗಳ ಅಭ್ಯಾಸ, ಹೊರೆ ಸಮೇತ, ಮಾಡಿ ನೋಡಬೇಕು. 200 ಕಿ.ಮೀ.ಯನ್ನು ಹದಿಮೂರೂವರೆ ತಾಸಿನಲ್ಲಿ, 600 ಕಿ.ಮೀ.ಯನ್ನು 40 ತಾಸಿನಲ್ಲಿ ಮುಗಿಸಬೇಕಾದ ‘ಬ್ರೆವೆ’ ಎಂಬ ಸೈಕಲ್ ಪಯಣಗಳು ಇಂದು ಜನಪ್ರಿಯವಾಗಿವೆ. ಅವು ಕಾಲಮಿತಿಯ ಪರೀಕ್ಷೆಗಳು. ನಿದ್ದೆಗೆಡುವ ಆ ಕ್ರಮವನ್ನು ಪ್ರವಾಸಕ್ಕೆ ಅನ್ವಯಿಸಬಾರದು. ಐವತ್ತು ದಾಟಿದವರೂ, ರಕ್ತದೊತ್ತಡ, ಮಧುಮೇಹ ಇರುವವರೂ ವೈದ್ಯರನ್ನು ಕಂಡೇ ಹೊರಡಬೇಕು.

ಬಿಸಿಲಿನಲ್ಲಿ ತಾಸಿಗೆ ಅರ್ಧದಿಂದ ಒಂದು ಲೀಟರು ನೀರು ಬೇಕಾಗುತ್ತದೆ. ಬಾಯಾರುವವರೆಗೆ ಕಾಯಬಾರದು. ಬರಿಯ ನೀರಿನೊಂದಿಗೆ ಉಪ್ಪೂ ಸೇರಬೇಕಾದ್ದರಿಂದ ಎಳನೀರು, ಉಪ್ಪು ಹಾಕಿದ ನೀರುಮಜ್ಜಿಗೆ ಉತ್ತಮ. ಒಂದು ಲೀಟರು ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದರೆ ಜೀವಜಲ ಸಿದ್ಧವಾಗುತ್ತದೆ. ಬೆವರು ನಿಂತು, ಮೈ ಸುಟ್ಟು, ಮಾತು ತೊದಲಿದರೆ ಅದು ಬಿಸಿಲಾಘಾತದ ಲಕ್ಷಣ. ಆಗ ಪ್ರವಾಸವನ್ನು ಅಲ್ಲಿಗೇ ನಿಲ್ಲಿಸಿ ನೆರಳು, ತಣ್ಣೀರು, ವೈದ್ಯರನ್ನು ಹುಡುಕಬೇಕು. ತುರ್ತು ನೆರವಿಗೆ 112, ಆಂಬುಲೆನ್ಸಿಗೆ 108, ಹೆದ್ದಾರಿ ಸಹಾಯಕ್ಕೆ 1033 ಸಂಖ್ಯೆಗಳಿವೆ. ಪ್ರತಿ ಸಂಜೆ ಊರು ತಲುಪಿದ ಸುದ್ದಿಯನ್ನು ಮನೆಗೆ ತಿಳಿಸಲು ಒಂದು ಹೊತ್ತನ್ನು ಗೊತ್ತುಮಾಡಿಕೊಂಡರೆ, ಸುದ್ದಿ ಬಾರದಿದ್ದಾಗ ಎಲ್ಲಿ ಹುಡುಕಬೇಕೆಂಬುದು ಮನೆಯವರಿಗೆ ತಿಳಿದಿರುತ್ತದೆ.

ಇನ್ನೂ ದೂರದ ಪಯಣಗಳು

ಕಾಶ್ಮೀರದಿಂದ ಕನ್ಯಾಕುಮಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44 ಬೆಂಗಳೂರಿನ ಮೂಲಕವೇ ಹಾಯುತ್ತದೆ. ಮೂರೂವರೆ ಸಾವಿರ ಕಿ.ಮೀ.ಗೂ ಮಿಕ್ಕ ಆ ದಾರಿಗೆ ದಿನಕ್ಕೆ 80 ಕಿ.ಮೀ.ಯಂತೆ ಒಂದೂವರೆ ತಿಂಗಳಿಗೂ ಹೆಚ್ಚು ಬೇಕು. ಅಲ್ಲಿಯೂ ಲೆಕ್ಕದ ಕ್ರಮ ಇದೇ: ಮೊದಲು ಹಿಮ, ನಂತರ ಉತ್ತರದ ಬಯಲಿನ ಮಂಜು, ಕೊನೆಗೆ ದಕ್ಷಿಣದ ಹಿಂಗಾರು, ಈ ಮೂರನ್ನೂ ಗಮನಿಸಿ ಅಕ್ಟೋಬರ್ ಮೊದಲ ವಾರ ಶ್ರೀನಗರ ಬಿಡುವುದು ಅನುಕೂಲ. ಅದಕ್ಕೆ ಹೊರಡುವ ಮುನ್ನ ಮಂಗಳೂರು–ಚೆನ್ನೈ ದಾರಿಯನ್ನು ಮುಗಿಸಿದವರಿಗೆ ತಮ್ಮ ದೇಹದ, ಸೈಕಲ್ಲಿನ ಮಿತಿಗಳು ತಿಳಿದಿರುತ್ತವೆ.

ಮರಳುವ ಏರ್ಪಾಡು

ಚೆನ್ನೈಯಿಂದ ಮರಳಲು ರೈಲು ಅನುಕೂಲ. ಸೈಕಲ್ಲನ್ನು ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಿ ಬ್ರೇಕ್‌ವ್ಯಾನಿನಲ್ಲಿ ಹಾಕಿಸಬೇಕಾಗುತ್ತದೆ. ಅದಕ್ಕಾಗಿ ರೈಲು ಹೊರಡುವ ಹೊತ್ತಿಗಿಂತ ಬಹಳ ಮೊದಲೇ ನಿಲ್ದಾಣ ತಲುಪಬೇಕು. ಪೆಡಲು ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಗೇರಿನ ಭಾಗಕ್ಕೆ ರಟ್ಟು ಸುತ್ತಿ, ಗೋಣಿಚೀಲದಲ್ಲಿ ಹೊಲಿಸಿ, ಹೆಸರು ಮತ್ತು ಇಳಿಯುವ ನಿಲ್ದಾಣವನ್ನು ಎರಡು ಕಡೆ ದಪ್ಪಕ್ಷರದಲ್ಲಿ ಬರೆಯಬೇಕು. ಕೃಷ್ಣರಾಜಪುರದಂತೆ ರೈಲು ಕಡಿಮೆ ಹೊತ್ತು ನಿಲ್ಲುವ ನಿಲ್ದಾಣಗಳಲ್ಲಿ ಪಾರ್ಸೆಲ್ ಇಳಿಸುವ ಅವಕಾಶವಿದೆಯೇ ಎಂದು ಮೊದಲೇ ವಿಚಾರಿಸುವುದು ಲೇಸು. ಇಲ್ಲವಾದರೆ ರೈಲಿನ ಕೊನೆಯ ನಿಲ್ದಾಣಕ್ಕೆ ಬುಕ್ ಮಾಡಿಸಿ, ರಸೀದಿಯನ್ನು ಸೈಕಲ್ ಕೈಸೇರುವವರೆಗೆ ಜೋಪಾನವಾಗಿಡಬೇಕು.